ಹಜರತಕಾಕಾನ ಕೊಮ್ ಪಾಠ

ಕರ್ಜಗಿ
18 ನವೆಂಬರ್ 2024

ಹಜರತಅಲಿ ಕಾಕಾ ಅವರಿಗೆ,

ನಾನು ಕರ್ಜಗಿ ಫಕ್ಕೀರಪ್ಪನ ಮಗಳು ಪುಷ್ಪಲತಾ. ನೀವು ಮರೆತಿರಲಿಕ್ಕಿಲ್ಲ. ನಿಮಗೆ ಬರೆಯುತ್ತಿರುವುದು ಅವ್ವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಕೆಲಸದ ಮಾತು ಇಷ್ಟು. ಊರ ಹೊರಗೆ ವಿಜಯಮಹಾಂತೇಶರ ಹೊಲದಲ್ಲಿ ಟೊಮೆಟೊ ಬೀಜದ ಕ್ರಾಸಿಂಗ್ ನಡೆದಿದೆ. ಹದಿನೆಂಟು ಹೆಣ್ಣುಮಕ್ಕಳು ಮಾಡುತ್ತಾರೆ, ನಾನು ನೋಡಿಕೊಳ್ಳುತ್ತೇನೆ. ನಾಳೆ ಅರಳುವ ಮೊಗ್ಗನ್ನು ಇವತ್ತೇ ಚಿಮಟಿಗೆಯಿಂದ ಬಿಡಿಸಿ ಗಂಡುಭಾಗ ತೆಗೆಯುವುದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸುವುದು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿ ಮಾಡಿಸುತ್ತದೆ, ಬೀಜ ಫ್ರಾನ್ಸಿಗೆ ಹೋಗುತ್ತದೆ. ಡಿಸೆಂಬರ್ ಹದಿನಾರಕ್ಕೆ ಅಲ್ಲಿಂದ ಒಬ್ಬ ಮೇಡಂ ಬರುತ್ತಾರೆ. ಮೂರು ಊರಿನ ಹೊಲ ನೋಡಿ, ಮುಂದಿನ ವರ್ಷ ಯಾವ ಊರಿಗೆ ಕೆಲಸ ಅಂತ ಹೇಳುತ್ತಾರೆ. ಕಂಪನಿಯ ಸುನೀಲಕುಮಾರ ಸರ್ ಇಂಗ್ಲಿಷ್ ಮಾತಾಡುತ್ತಾರೆ. ಆದರೆ ಆಕೆ ಆಫೀಸರ ಮಾತು ಬಿಟ್ಟು ನೇರ ಹೆಣ್ಣುಮಕ್ಕಳನ್ನೇ ಕೇಳುತ್ತಾಳಂತೆ.

ನೀವು ಜಿಬೂತಿ ಬಂದರಿನಲ್ಲಿ ಹನ್ನೊಂದು ವರ್ಷ ಫ್ರೆಂಚರ ಕೈಕೆಳಗೆ ಇದ್ದವರು. ನಾಲ್ಕು ಮಾತು ಕನ್ನಡ ಅಕ್ಷರದಲ್ಲಿ ಬರೆದು ಕಳಿಸಿ. ಖರೇ ಮಾತು. ಅಪ್ಪನನ್ನು ಬಾಂಬೆಗೆ ಕಳಿಸಿದ ಹಾಗೆ ನನ್ನನ್ನು ಎಲ್ಲಿಗೂ ಕಳಿಸಬೇಡಿ.

ಇಂತಿ,
ಪುಷ್ಪಲತಾ


ಬ್ಯಾಡಗಿ
22 ನವೆಂಬರ್

ಪುಷ್ಪಾ, ಬೇಟಿ,

ನಿನ್ನ ಪತ್ರ ಬಂದಾಗ ನಾನು ಸಾಬೂನು ಹಚ್ಚಿ ಅರ್ಧ ಗಡ್ಡ ಬೋಳಿಸಿದ್ದೆ. ಓದಿ ಮುಗಿಯುವ ಹೊತ್ತಿಗೆ ಸಾಬೂನು ಒಣಗಿತ್ತು, ಉಳಿದರ್ಧ ಗಡ್ಡ ಹಾಗೇ ಇತ್ತು. ಅರ್ಧ ಗಡ್ಡದಲ್ಲೇ ಪೋಸ್ಟಿಗೆ ಹೋಗಿ ಈ ಇನ್‌ಲ್ಯಾಂಡ್ ತಂದೆ. ಸೊಸೆ ಮುಮ್ತಾಜಬಿ ಬಾಗಿಲಲ್ಲೇ ಹಿಡಿದಳು: "ಮಾಮಾ, ಅರ್ಧಾ ಮುಖಾ ಎಲ್ಲಿ ಬಿಟ್ಟು ಬಂದ್ರಿ?" "ಕರ್ಜಗಿಗೆ ಹೋಗೈತವ್ವ" ಅಂದೆ.

ನೀನು ಫೋನು ಮಾಡದೆ ಪತ್ರ ಬರೆದದ್ದು ಒಳ್ಳೆಯದಾಯಿತು. ಕಿವಿ ಮಂದವಾಗಿದೆ, ಎದುರು ನಿಂತು ಕೂಗಿದರಷ್ಟೇ ಕೇಳುತ್ತದೆ. ಮೊಬೈಲೂ ಇಲ್ಲ. ಹೋದ ವರ್ಷ "ನಾಳೆ ಮೆಣಸಿನಕಾಯಿ ಮಾರ್ಕೆಟ್ ರಜಾ" ಅಂತ ಒಂದು ಸುಳ್ಳು ಮೆಸೇಜು ಬಿಟ್ಟೆ. ಹನ್ನೊಂದು ಟ್ರ್ಯಾಕ್ಟರ್ ಅರ್ಧ ದಾರಿಯಿಂದ ತಿರುಗಿ ಹೋದವು. ಅವತ್ತಿನಿಂದ ಮೊಬೈಲು ಮುಮ್ತಾಜಬಿಯ ಟ್ರಂಕಿನಲ್ಲಿ ಜೈಲು ಅನುಭವಿಸುತ್ತಿದೆ. ಅಪರಾಧಿ ನಾನು, ಶಿಕ್ಷೆ ಅದಕ್ಕೆ.

ಈಗ ಪಾಠ. ಹನ್ನೊಂದು ವರ್ಷದಲ್ಲಿ ನಾನು ಪಕ್ಕಾ ಕಲಿತ ಶಬ್ದ ಒಂದೇ: ಕೊಮ್. ಉಳಿದ ಫ್ರೆಂಚೆಲ್ಲ ಅದಕ್ಕೆ ಕಟ್ಟಿದ ಬಾಲ. ಕೊಮ್ ಅಂದರೆ ನಮ್ಮ "ಹಂಗ", ನಮ್ಮ "ಗತೆ". ಅಪ್ಪನ ಗತೆ ಮೂಗು, ಕೋಣನ ಗತೆ ನಡಿಗೆ, ಹಜರತ್ಯಾನ ಗತೆ ಬಾಯಿ. ನಮ್ಮಲ್ಲಿ "ಗತೆ" ಹಿಂದೆ ನಿಲ್ಲುತ್ತದೆ, ಅವರಲ್ಲಿ ಕೊಮ್ ಮುಂದೆ ಓಡುತ್ತದೆ. ಅಷ್ಟೇ ಫರಕು. ಇದೊಂದು ಗೊತ್ತಿದ್ದರೆ ಗತಿಗೆಟ್ಟವನಿಗೂ ಗತಿ ಐತಿ.

ಆಕೆ ಬಂದು ಇಳಿದಾಗ ಅನ್ನು: "ಫೆತ್ ಕೊಮ್ ಶೇ ವೂ." ನಿಮ್ಮ ಮನೀ ಗತೆ ತಿಳೀರಿ ಅಂತ. ಎಲ್ಲಿಂದ ನೋಡಲಿ ಅಂತ ಕೇಳಿದರೆ "ಕೊಮ್ ವೂ ವುಲೇ", ನಿಮ್ಮ ಮನಸ್ಸಿದ್ದಂಗ. ಯಾರಾದರೂ ನಾಚಿದರೆ "ರೂಜ್ ಕೊಮ್ ಉನ್ ತೊಮಾತ್", ಟೊಮೆಟೊ ಗತೆ ಕೆಂಪ. ಟೊಮೆಟೊ ಹೊಲದಲ್ಲಿ ಇದನ್ನಂದರೆ ಆಕೆ ನಕ್ಕೇ ನಗುತ್ತಾಳೆ. ಕೆಲಸ ಹೇಗೆ ನಡೆದಿದೆ ಅಂತ ಕೇಳಿದರೆ ಕಣ್ಣಲ್ಲಿ ಕಣ್ಣಿಟ್ಟು "ಕೊಮ್ ಇಲ್ ಫೋ" ಅನ್ನು. ಹೆಂಗ ಇರಬೇಕೋ ಹಂಗ ಐತಿ ಅಂತ.

ಒಂದು ಮಾತು ಮಾತ್ರ ಸತ್ತರೂ ಅನ್ನಬೇಡ: "ಕೊಮ್ ಸಿ ಕೊಮ್ ಸಾ." ಹಂಗೂ ಇಲ್ಲ ಹಿಂಗೂ ಇಲ್ಲ, ಏನೋ ನಡದೈತಿ ಅಂತ ಅದರ ಅರ್ಥ. ನನ್ನ ಮೊಣಕಾಲಿಗೆ ಹೇಳಬಹುದು, ಬೀಜಕ್ಕೆ ಹೇಳಬಾರದು.

ಇದರಲ್ಲಿ ಒಂದಕ್ಷರವೂ ಚೇಷ್ಟೆಯಲ್ಲ. ಅಲ್ಲಾನ ಆಣೆ. ನಾನು ಆಣೆ ಹಾಕಿದಾಗಲೇ ಜನ ಹೆಚ್ಚು ಹೆದರುತ್ತಾರೆ ಅನ್ನುವುದು ಗೊತ್ತಿದೆ. ಆದರೂ ಹಾಕಿದ್ದೇನೆ.

ನಿನ್ನ ಅಪ್ಪನ ಗೆಳೆಯ (ಅಂವ ಒಪ್ಪದಿದ್ದರೂ),
ಹಜರತಅಲಿ


ಕರ್ಜಗಿ
30 ನವೆಂಬರ್

ಕಾಕಾ,

ಪತ್ರ ಅವ್ವನ ಕೈಗೆ ಸಿಕ್ಕಿತು. ಅಕ್ಕಿ ಡಬ್ಬಿಯಲ್ಲಿ ಇಟ್ಟದ್ದು ನನ್ನದೇ ತಪ್ಪು. ಮೊದಲು ಬೈದಳು, ಆಮೇಲೆ "ಓದ ನೋಡೂಣು, ಏನ ಬರದಾನ" ಅಂದಳು. ಓದಿದೆ. ಕೊನೆಗೆ ಬಂದಾಗ ಕೈ ಎತ್ತಿ ನಿಲ್ಲಿಸಿದಳು.

"ಅಂವ ಏನ ಬ್ಯಾಡ ಅಂದಾನ?"

"ಕೊಮ್ ಸಿ ಕೊಮ್ ಸಾ."

"ಹಂಗಾರ ಅದ ಖರೇ. ಹಜರತ್ಯಾ ಹೌದಂದ್ರ ಅಲ್ಲ, ಅಲ್ಲಂದ್ರ ಹೌದು. ಇಡೀ ಬ್ಯಾಡಗಿನ್ನ ಕೇಳ ಬೇಕಾದ್ರ."

ಹೊಲದಲ್ಲಿ ಹುಸೇನಬಿ ಚಿಗವ್ವನನ್ನು ಕೇಳಿದೆ, ಆಕೆ ನಿಮ್ಮ ದೂರದ ಬಳಗ ಅಂತ. ಆಕೆಯೂ ಅದನ್ನೇ ಅಂದಳು. ಮೊಬೈಲಿಗೆ ಬಾಯಿ ಹಚ್ಚಿ "ಕೊಮ್ ಸಿ" ಅಂದರೆ ಅದು "ಕಮ್ ಸೀ" ಅಂತ ಇಂಗ್ಲಿಷು ತೋರಿಸುತ್ತದೆ. ಬಂದು ನೋಡು ಅಂತ. ಹದಿನೆಂಟು ಮಂದಿ ಅದನ್ನು ನೋಡಿ "ಬಂದು ನೋಡ್ರಿ ಅನ್ನೂದು ಚೊಲೋನ ಆತಲ್ಲ" ಅನ್ನುತ್ತಿದ್ದಾರೆ.

ಇನ್ನೊಂದು ಸಂಕಟವಿದೆ, ನಿಮಗಲ್ಲದೆ ಯಾರಿಗೆ ಹೇಳಲಿ ಗೊತ್ತಿಲ್ಲ. ಈ ತಿಂಗಳ ಮೊದಲ ವಾರ ನಮ್ಮ ಗ್ಯಾಂಗಿನ ಶೀಲಾಳ ಮದುವೆ ಅಗಡಿಯಲ್ಲಾಯಿತು. ಗ್ಯಾಂಗಿನವಳ ಮದುವೆ ಅಂದರೆ ಎಲ್ಲರೂ ಹೋಗಬೇಕು, ಅದು ನಮ್ಮ ರೂಢಿ. ಹೋದೆವು. ಎರಡು ದಿನ. ಉಳಿದವರು ತಮ್ಮ ಸಾಲಿನ ಅರಳುವ ಮೊಗ್ಗು ಮೊದಲೇ ಚಿವುಟಿದ್ದರು. ಮದುಮಗಳು ಶೀಲಾಳ ಮೂರು ಸಾಲಿನ ಮೊಗ್ಗು ಮಾತ್ರ ನಾವು ಬರುವಷ್ಟರಲ್ಲಿ ತಾವೇ ಅರಳಿದ್ದವು, ಆಮೇಲೆ ತಾವೇ ಕಾಯಿ ಕಟ್ಟಿದವು. ಕ್ರಾಸ್ ಆಗದ ಅಂಥ ಕಾಯಿ ಕಿತ್ತು ಹಾಕಬೇಕು. ವಿಜಯಮಹಾಂತೇಶರು "ಇರಲಿ ಬಿಡ, ಯಾರಿಗೆ ತಿಳೀತೈತಿ" ಅಂದರು. ನಾನೂ ಬಿಟ್ಟೆ. ಈಗ ಆ ಸಾಲು ಬಿಟ್ಟು ಸುತ್ತು ಹಾಕಿ ಓಡಾಡುತ್ತೇನೆ.

ಖರೇ ಹೇಳಿ. ಕೊಮ್ ಇಲ್ ಫೋ ಅಂದರೆ ಏನು?

ಪುಷ್ಪಲತಾ


ಬ್ಯಾಡಗಿ
4 ಡಿಸೆಂಬರ್

ಪುಷ್ಪಾ,

ನಾನು ಬರೆದದ್ದೇ ಖರೇ. ಕೊಮ್ ಇಲ್ ಫೋ ಅಂದರೆ ಹೆಂಗ ಇರಬೇಕೋ ಹಂಗ. ಆ ಮೂರು ಸಾಲಿನ ಕಾಯಿ ಕಿತ್ತು ಹಾಕು, ಆಮೇಲೆ ಧೈರ್ಯವಾಗಿ ಅನ್ನು.

ನೀನು ನಂಬುವುದಿಲ್ಲ. ಯಾಕೆ ಅಂತ ಗೊತ್ತು. ಅದಕ್ಕೇ ಯಾರಿಗೂ ಹೇಳದ್ದನ್ನು ಹೇಳುತ್ತೇನೆ.

ಮೂವತ್ತು ವರ್ಷದ ಹಿಂದೆ ನಾನು ಜಿಬೂತಿಯಿಂದ ನಿಮ್ಮಪ್ಪನಿಗೆ ಬರೆದೆ: "ಫಕ್ಕೀರ್ಯಾ, ಬಂದರಿನ್ಯಾಗ ನಿನಗ ಕೆಲಸಾ ಸಿಕ್ಕೈತಿ. ಇಂಥಾ ತಾರೀಖಿಗೆ ಬಾಂಬೆಕ ಬಾ, ಹಡಗಾ ನಿಲ್ಲೂ ಗೋದಿ ಗೇಟಿನ್ಯಾಗ ನಿಂತಿರತೇನಿ." ಕೆಲಸ ಇರಲಿಲ್ಲ. ನಾನು ಆ ಹೊತ್ತಿಗೆ ರಜೆ ಹಾಕಿ ಯಾರಿಗೂ ಹೇಳದೆ ಬ್ಯಾಡಗಿಗೆ ಬಂದಿದ್ದೆ. ಕರ್ಜಗಿಯವನು ಹುಬ್ಬಳ್ಳಿ ಕಡೆಗೆ ಹೋಗುವ ಗಾಡಿಯನ್ನು ಹಾವೇರಿಯಲ್ಲೇ ಹತ್ತಬೇಕಲ್ಲ? ಪ್ಲಾಟ್‌ಫಾರ್ಮಿನಲ್ಲಿ ಕೆಂಪು ಮೆಣಸಿನಕಾಯಿಯ ಹಾರ ಹಿಡಿದು ನಿಂತೆ. ಅವನು ಟ್ರಂಕು ಹೊತ್ತು ಬಂದ ಕೂಡಲೇ ಕೊರಳಿಗೆ ಹಾಕಿ ನಗಬೇಕು, ಇಬ್ಬರೂ ಕೂಡಿ ಭಜಿ ತಿನ್ನಬೇಕು, ಇದು ನನ್ನ ಚೇಷ್ಟೆ.

ಗಾಡಿ ಬಂತು. ಅವನು ಬರಲಿಲ್ಲ. ಗಾಡಿ ಹೋಯಿತು. ನನ್ನ ಕಾಗದ ನಂಬಲಿಲ್ಲ ಜಾಣ ಅಂದುಕೊಂಡು ಹಾರ ಅಲ್ಲೇ ಒಂದು ಕಂಬಕ್ಕೆ ಹಾಕಿ ಮನೆಗೆ ಬಂದೆ.

ಅವನು ಗಾಡಿಯೊಳಗೇ ಇದ್ದ. ಹಾವೇರಿಯಲ್ಲಿ ಹತ್ತಿದರೆ ಕೂರಲು ಜಾಗ ಸಿಗುವುದಿಲ್ಲ ಅಂತ ಬೆಳಿಗ್ಗೆಯೇ ಬಸ್ಸಿನಲ್ಲಿ ಉಲ್ಟಾ ರಾಣೆಬೆನ್ನೂರಿಗೆ ಹೋಗಿ, ಅಲ್ಲಿ ಹತ್ತಿ, ಪ್ಲಾಟ್‌ಫಾರ್ಮಿನ ಆಚೆ ಬದಿಯ ಕಿಟಕಿ ಹಿಡಿದು ಕುಳಿತಿದ್ದ. ನಾವೆಲ್ಲ ಹಾಗೆ ಮಾಡುತ್ತಿದ್ದೆವು. ಎಲ್ಲರ ರೂಢಿ ಗೊತ್ತಿದ್ದ ನನಗೆ ಅದೊಂದು ಹೊಳೆಯಲಿಲ್ಲ. ನನ್ನ ಮುಂದೆಯೇ ಹಾದು ಹೋದ. ನಾಲ್ಕು ದಿನ ಗೋದಿ ಗೇಟಿನಲ್ಲಿ ನಿಂತು ಬಂದ.

ಬಂದ ಮೇಲೆ ನಾನು ಎದುರಿಗೆ ಹೋದೆ. ಊರವರ ಮುಂದೆ ನಕ್ಕ. "ಚೊಲೋ ಆಡಿಸಿದಿ ಬಿಡು" ಅಂದ. ಆಮೇಲೆ ಅವನು ಸಾಯುವವರೆಗೂ ನನ್ನ ಜೊತೆ ಒಂದು ಮಾತಾಡಲಿಲ್ಲ. ಸ್ಟೇಷನ್ನಿನಲ್ಲಿ ಕಾದಿದ್ದೆ ಅಂತ ಹೇಳಲು ನಾನು ಎರಡು ಸಲ ಬಂದೆ. ಎರಡು ಸಲವೂ ಬಾಗಿಲಲ್ಲಿ ನೀನಿದ್ದೆ, ಸಣ್ಣವಳು. "ಅಪ್ಪಾ ಇಲ್ಲ" ಅಂದೆ. ಒಳಗೆ ಅವನು ಕೆಮ್ಮುವುದು ಕೇಳುತ್ತಿತ್ತು. ಆಗ ಕಿವಿ ಚೆನ್ನಾಗಿತ್ತು.

ಈ ಸಲ ನಂಬು. ಆಮೇಲೆ ಬೇಕಾದರೆ ಜನ್ಮದಲ್ಲಿ ನಂಬಬೇಡ.

ಹಜರತಅಲಿ


(ಪೋಸ್ಟ್ ಕಾರ್ಡು)
ಬ್ಯಾಡಗಿ
9 ಡಿಸೆಂಬರ್

ಪುಷ್ಪಾ, ಉತ್ತರ ಇಲ್ಲ. ಪೋಸ್ಟ್‌ಮನ್ ನನ್ನ ಕಂಡರೆ ಸೈಕಲ್ ತಿರುಗಿಸುತ್ತಾನೆ. ಕಾಯಿ ಕಿತ್ತೆಯಾ? ಒಂದೇ ಅಕ್ಷರ ಬರೆ. ಹೂಂ ಅಂತ ಬರೆದರೂ ಸಾಕು. ಊಹೂಂ ಅಂತ ಬರೆದರೂ.
ಹ.


(ಪೋಸ್ಟ್ ಕಾರ್ಡು)
ಬ್ಯಾಡಗಿ
12 ಡಿಸೆಂಬರ್

ಇವತ್ತು ಹಾವೇರಿ ಬಸ್ ಹತ್ತಿದೆ. ಮೋಟೆಬೆನ್ನೂರಿನಲ್ಲಿ ಇಳಿದು ವಾಪಸ್ ಬಂದೆ. ನಿನ್ನೆಯೂ ಹಾಗೇ. ಕಂಡಕ್ಟರ್ ಕೇಳಿದ: "ಅಜ್ಜಾ, ದಿನಾ ಅರ್ಧಾ ದಾರಿಗೆ ಯಾಕ ಬರ್ತಿ?" ಬರುತ್ತಿದ್ದೆ, ಆದರೆ ನಾನೇ ಬಂದು ನಿಂತು ಹೇಳಿದರೆ ನೀನು ಇನ್ನೂ ನಂಬುವುದಿಲ್ಲ. ನನ್ನ ಮುಖವೇ ಸುಳ್ಳಿನ ಗತೆ ಐತಿ. ಅಕ್ಷರಕ್ಕಾದರೂ ಮುಖ ಇಲ್ಲ. ನಾಲ್ಕು ದಿನ ಉಳಿದಿದೆ. ಕೊಮ್ ಇಲ್ ಫೋ. ಕೊಮ್ ಇಲ್ ಫೋ. ಕೊಮ್ ಇಲ್ ಫೋ.
ಹ.


ಕರ್ಜಗಿ
17 ಡಿಸೆಂಬರ್

ಹಜರತಅಲಿ ಕಾಕಾ ಅವರಿಗೆ,

ನಿನ್ನೆ ಮೇಡಂ ಬಂದು ಹೋದರು. ಕ್ಲೆರ್ ಅಂತ ಹೆಸರು, ಅವ್ವನ ವಯಸ್ಸು. ಚಪ್ಪಲಿ ಬಿಟ್ಟು ಸಾಲಿನೊಳಗೆ ಇಳಿದರು. ನಾನು ಬರೀ ಕೈ ಮುಗಿದೆ. ನಿಮ್ಮ ಯಾವ ಮಾತು ಖರೇ, ಯಾವುದು ಸುಳ್ಳು ಅಂತ ತಿಳಿಯದೆ ಎಲ್ಲವನ್ನೂ ಬಾಯಲ್ಲೇ ಹಿಡಿದುಕೊಂಡಿದ್ದೆ.

ಸುನೀಲಕುಮಾರ ಸರ್ ಬಾಯಿ ಬಿಡುವ ಮೊದಲೇ ಆಕೆ ಗಿಡ ತೋರಿಸಿ, ಹುಬ್ಬು ಎತ್ತಿ, ನನ್ನನ್ನೇ ಏನೋ ಕೇಳಿದರು. ಕೆಲಸ ಹೇಗೆ ಅಂತಲೇ ಇರಬೇಕು. ಮೇಡಂ ಅವರನ್ನು ನೋಡಲು ಬಂದಿದ್ದ ಅವ್ವ ಹಿಂದಿನಿಂದ ಪಕ್ಕೆ ತಿವಿದಳು: "ಹೇಳ, ಅಂವ ಬ್ಯಾಡ ಅಂದದ್ದನ್ನ ಹೇಳ." ನಿಮ್ಮ ಸ್ಟೇಷನ್ನಿನ ಕಾಗದ ನನ್ನ ಕುಪ್ಪಸದಲ್ಲೇ ಇತ್ತು. ಅದನ್ನು ಓದಿ ನಂಬಿಕೆ ಬರುವ ಬದಲು ಅನುಮಾನ ಬಂದಿತ್ತು. ಮೂವತ್ತು ವರ್ಷ ಹೇಳದವನು ಈಗ ಯಾಕೆ ಹೇಳುತ್ತಾನೆ, ಇದರಲ್ಲಿ ಇನ್ನೇನೋ ಇದೆ ಅಂತ.

ನಗುನಗುತ್ತ, ಜೋರಾಗಿ ಅಂದೆ: "ಕೊಮ್ ಸಿ ಕೊಮ್ ಸಾ!"

ಆಕೆಯ ಮುಖ ಮೊದಲು ಅರಳಿತು, ತಮ್ಮ ಭಾಷೆ ಕೇಳಿ. ಆಮೇಲೆ ನಿಂತಿತು. "ಕೊಮ್ ಸಿ ಕೊಮ್ ಸಾ?" ಅಂದು ಅಂಗೈ ಚಾಚಿ, ಒಮ್ಮೆ ಹಾಗೆ ಒಮ್ಮೆ ಹೀಗೆ ಅಲುಗಾಡಿಸಿದರು. ಕಾಕಾ, ನಮ್ಮ ಮಂದಿಯೂ ಹಾಗೇ ಅಲುಗಾಡಿಸುತ್ತಾರೆ. ಆ ಕೈ ನೋಡಿದ ಕೂಡಲೇ ತಿಳಿಯಿತು, ನೀವು ಬರೆದದ್ದೆಲ್ಲ ಖರೇ ಅಂತ. ಸುನೀಲಕುಮಾರ ಸರ್ "ನೋ ನೋ ಮೇಡಂ" ಅನ್ನುತ್ತ ಬೆವೆತರು. ಆಕೆ ಅವರ ಕಡೆ ನೋಡಲಿಲ್ಲ. ನನ್ನನ್ನು ನೋಡಿ ಹೊಲ ತೋರಿಸಿದರು, ಎಲ್ಲಿ ಅನ್ನುವ ಹಾಗೆ.

ನಾನು ಕಾಯಿ ಕಿತ್ತಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಆಗಲಿಲ್ಲ. ಮುಂದೆ ನಡೆದು ಮೂರು ಸಾಲು ತೋರಿಸಿದೆ. ಒಂದು ಕಾಯಿ ಕಿತ್ತು ತಿರುಗಿಸಿ ನೋಡಿದರು, ತಲೆ ಆಡಿಸಿದರು. ಅಲ್ಲೇ ನಿಂತು ಮೂರೂ ಸಾಲು ಕೀಳಿಸಿದರು. ವಿಜಯಮಹಾಂತೇಶರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಹದಿನೆಂಟು ಮಂದಿ ಬಿಟ್ಟಿಲ್ಲ, ಅದೇ ಕಷ್ಟ. ಕೆಲಸ ಉಳಿಯಿತೋ ಹೋಯಿತೋ ಅಂತ ಗಳಿಗೆಗೊಮ್ಮೆ ಕೇಳುತ್ತಾರೆ. ಉಳಿದ ಬೀಜದ ಪರೀಕ್ಷೆಯಾದ ಮೇಲೆ ತಿಳಿಸುತ್ತಾರಂತೆ.

ತಪ್ಪು ನನ್ನದೇ. ಆದರೆ ಸಿಟ್ಟು ನಿಮ್ಮ ಮೇಲೆ. ಜೀವನವೆಲ್ಲ ಸುಳ್ಳು ಹೇಳಿ, ಖರೇ ಹೇಳಬೇಕಾದ ದಿನ ನಿಮ್ಮ ಖರೇನೂ ಸುಳ್ಳಿನ ಹಾಗೆ ಕಾಣುವಂತೆ ಮಾಡಿಟ್ಟಿರಿ. ಇನ್ನು ಬರೆಯಬೇಡಿ.

ಪುಷ್ಪಲತಾ


ಬ್ಯಾಡಗಿ
20 ಡಿಸೆಂಬರ್

ಪುಷ್ಪಾ,

ಹೌದು.

ಹಜರತಅಲಿ


ಕರ್ಜಗಿ
6 ಮಾರ್ಚ್ 2025

ಕಾಕಾ,

ಬರೆಯಬೇಡಿ ಅಂದೆ, ನೀವು ಬರೆಯಲಿಲ್ಲ. ಹೊಸ ವರ್ಷಕ್ಕೆ ಒಂದು ಕಾರ್ಡು ಬರಬಹುದು ಅಂದುಕೊಂಡಿದ್ದೆ. ನಿಮಗೆ ಸುಮ್ಮನಿರಲು ಬರುತ್ತದೆ ಅನ್ನುವುದು ಗೊತ್ತಿರಲಿಲ್ಲ.

ಇದರ ಜೊತೆ ಒಂದು ಲಕೋಟೆ ಇಟ್ಟಿದ್ದೇನೆ. ಮೇಡಂ ತಮ್ಮ ಕೈಯಿಂದಲೇ ಬರೆದು ನನ್ನ ಹೆಸರಿಗೆ ಕಳಿಸಿದ್ದಾರೆ. ಪೂರಾ ಫ್ರೆಂಚು. ನನಗೆ ಬರುತ್ತದೆ ಅಂದುಕೊಂಡಿರಬೇಕು, ಪಾಪ. ಸುನೀಲಕುಮಾರ ಸರ್ "ಕೊಡ್ರಿ ಇಲ್ಲೆ, ಫೋಟೋ ತಗದ್ರ ಒಂದ ಮಿನಿಟಿನ್ಯಾಗ ಕನ್ನಡ ಆಗತೈತಿ" ಅಂದರು. ಕೊಡಲಿಲ್ಲ. "ಓದೂವರು ಅದಾರ್ರಿ" ಅಂದೆ. ಅವ್ವ ಪಕ್ಕದಲ್ಲೇ ಇದ್ದಳು, ಯಾರು ಅಂತ ಕೇಳಲಿಲ್ಲ.

ನೀವು ಓದಿ ಏನು ಬರೆಯುತ್ತೀರೋ ಅದನ್ನೇ ಹದಿನೆಂಟು ಮಂದಿಯ ಮುಂದೆ ಓದುತ್ತೇನೆ. ಬೇರೆ ಯಾರ ಹತ್ತಿರವೂ ತಾಳೆ ನೋಡುವುದಿಲ್ಲ. ಲಗೂ ಬರೆಯಿರಿ, ಇಲ್ಲಿ ಯಾರಿಗೂ ಅನ್ನ ಇಳಿಯುತ್ತಿಲ್ಲ.

ಪುಷ್ಪಾ


ಬ್ಯಾಡಗಿ
10 ಮಾರ್ಚ್

ಪುಷ್ಪಾ,

ಓದಲು ಎರಡು ದಿನ ಹಿಡಿಯಿತು. ಬಂದರಿನಲ್ಲಿ ನಾನು ಓದುತ್ತಿದ್ದದ್ದು ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರ, ಇದು ಇರುವೆ ಸಾಲು. ನೀನು ತಾಳೆ ನೋಡುವುದಿಲ್ಲ ಅಂದೆ. ಅದಕ್ಕೇ ನಾನು ನೋಡಿದೆ. ಮುಮ್ತಾಜಬಿ ನಿನ್ನ ಕಾಗದ ಓದಿ, ಟ್ರಂಕು ತೆಗೆದು ಒಂದು ತಾಸಿಗೆ ಮೊಬೈಲು ಕೊಟ್ಟಳು. ನಾನು ಓದಿದ್ದೂ ಅದು ಓದಿದ್ದೂ ಒಂದೇ ಇತ್ತು. ಇನ್ನು ಆಕೆಯ ಮಾತು:

"ಪ್ರಿಯ ಪುಷ್ಪಲತಾ, ನಿಮ್ಮ ಹೊಲದ ಬೀಜದ ಪರೀಕ್ಷೆ ಮುಗಿಯಿತು. ಹೇಗಿರಬೇಕೋ ಹಾಗಿದೆ. ಆ ಮೂರು ಸಾಲು ಉಳಿದಿದ್ದರೆ ಎಲ್ಲವನ್ನೂ ಸುಡಬೇಕಾಗುತ್ತಿತ್ತು. ಆದರೆ ನಾನು ಭಾರತಕ್ಕೆ ಬರುವ ಮೊದಲೇ ನಮ್ಮವರು ಬೇರೆ ತೀರ್ಮಾನ ಮಾಡಿದ್ದರು, ನನಗೂ ಈಗ ತಿಳಿಯಿತು. ಮುಂದಿನ ವರ್ಷದಿಂದ ಬಯಲು ಹೊಲದಲ್ಲಿ ಕ್ರಾಸಿಂಗ್ ಇಲ್ಲ. ಮೂರು ಊರಿನ ಕೆಲಸವೂ ನಿಲ್ಲುತ್ತದೆ. ಎಲ್ಲ ರಾಣೆಬೆನ್ನೂರಿನಲ್ಲಿ, ಬಲೆ ಹೊದಿಸಿದ ಒಂದೇ ನೆರಳುಮನೆಯಲ್ಲಿ. ಅಲ್ಲಿಗೆ ಆರು ಜನ ಬೇಕು, ಮೇಲ್ವಿಚಾರಣೆ ನಿಮ್ಮದು. ಯಾರನ್ನು ತರುವುದು ನಿಮ್ಮ ಮನಸ್ಸಿದ್ದ ಹಾಗೆ. ಇಷ್ಟು ವರ್ಷದಲ್ಲಿ ನಿಮ್ಮ ಹಾಗೆ ಉತ್ತರ ಕೊಟ್ಟವರನ್ನು ನಾನು ನೋಡಿಲ್ಲ. ಕ್ಲೆರ್."

ಇಷ್ಟೇ. ನಾನು ಏನೂ ಕೂಡಿಸಿಲ್ಲ, ಕಳೆದಿಲ್ಲ. ಆರು ಅನ್ನುವಲ್ಲಿ ಬಂದಾಗ ಪೆನ್ನು ನಿಂತಿತು. ಹದಿನೆಂಟು ಅಂತ ಬರೆದರೆ ಯಾರು ಕೇಳುತ್ತಾರೆ, ಹೇಗೂ ನೀನು ತಾಳೆ ನೋಡುವುದಿಲ್ಲ. ಹೊಸ ಹಂಗಾಮು ಶುರುವಾಗುವ ಜೂನ್ ತನಕ ನಿಮ್ಮ ಊರಿನಲ್ಲಿ ಎಲ್ಲರೂ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಎದ್ದು ಅಂಗಳದಲ್ಲಿ ತಿರುಗಿದೆ, ಮಾರ್ಕೆಟ್ ತನಕ ಹೋಗಿ ಮೆಣಸಿನಕಾಯಿ ಘಾಟಿಗೆ ಸೀನಿ ಬಂದೆ, ಮತ್ತೆ ಕುಳಿತೆ. ಆರು ಅಂತ ಬರೆದೆ.

ಹಜರತಅಲಿ


ಕರ್ಜಗಿ
14 ಮಾರ್ಚ್

ಕಾಕಾ,

ನಿನ್ನೆ ಹೊಲದ ಬದುವಿನ ಮೇಲೆ ಎಲ್ಲರನ್ನೂ ಕೂಡಿಸಿ ಓದಿದೆ. ಪರೀಕ್ಷೆ ಪಾಸು ಅಂದಾಗ ಚಪ್ಪಾಳೆ ಹೊಡೆದರು. ಆಮೇಲಿನದು ಓದಿ ಮುಗಿಸಿದೆ. 

ಹುಸೇನಬಿ ಚಿಗವ್ವನೇ ಮೊದಲು ಕೇಳಿದಳು: "ಇದನ್ನ ಓದಿದವ ಯಾರು?"

"ಬ್ಯಾಡಗಿ ಹಜರತಕಾಕಾ."

"ಹಜರತ್ಯಾ! ಅಯ್ಯ ನಿನ್ನ, ಮೊದ್ಲ ಹೇಳಬಾರದ? ಆರೂ ಇಲ್ಲ ಮೂರೂ ಇಲ್ಲ, ಎಲ್ಲಾ ಅವನ ಚೇಷ್ಟೆ. ನಾಳಿಗಿ ಬಂದು ನಗತಾನ ನೋಡ್ರಿ!"

ಹದಿನೆಂಟು ಮಂದಿ ಒಮ್ಮೆಲೇ ನಕ್ಕರು. ಶೀಲಾ ನನ್ನ ಹೆಗಲ ಮೇಲೆ ಬಿದ್ದು ನಕ್ಕಳು. ಒಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಂಡು "ಜೀವಾ ತಗದಿದ್ದ ಮುದುಕಾ" ಅಂದಳು. ಅಷ್ಟು ಚೆಂದದ ನಗು ನಮ್ಮ ಹೊಲದಲ್ಲಿ ಡಿಸೆಂಬರಿನಿಂದ ಕೇಳಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ಜೂನ್ ತನಕ ನಗುತ್ತಲೇ ಇರುತ್ತಿದ್ದರು. ಅವ್ವ ಮಾತ್ರ ನಗದೆ ನನ್ನ ಮುಖ ನೋಡುತ್ತಿದ್ದಳು.

"ಇಲ್ಲ ಚಿಗವ್ವ" ಅಂದೆ. "ಕಾಕಾ ಬರದಾನಂದ್ರ ಖರೇನ ಐತಿ."

ನಿಮ್ಮ
ಪುಷ್ಪಾ